ಮಶೇರಿ ಬೆರಳು

ಮಂಗಳವಾರ ಬೆಳಗ್ಗೆ ಆರು ಗಂಟೆ ಇಪ್ಪತ್ತು ನಿಮಿಷಕ್ಕೆ ಅವ್ವನ ಬಾಯಿಂದ ಹೊರತೆಗೆದ ಹತ್ತಿ ಕಪ್ಪಾಗಿ ಬಂತು. ಅವ್ವನ ತಲೆಯ ಮೇಲೆ ಗೋಡೆಗೆ ಗಡಿಯಾರವಿತ್ತು, ಅದಕ್ಕೇ ಸಮಯ ಇಷ್ಟು ಖಚಿತವಾಗಿ ನೆನಪಿದೆ. ಗುರುವಾರ ಆಪರೇಷನ್ ಆಗಬೇಕಿತ್ತು. ಅದಕ್ಕೆ ಮೊದಲು, ಆ ಮಂಗಳವಾರವೇ ಹತ್ತು ಗಂಟೆಗೆ ದೊಡ್ಡ ಡಾಕ್ಟರು ಕೊನೆಯ ಸಲ ಬಾಯಿ ನೋಡುವವರಿದ್ದರು.

ಮೊದಲು ಅದು ಸತ್ತ ಮಾಂಸವೆಂದುಕೊಂಡೆ. ವಿಕಿರಣ ಮುಗಿದ ಮೇಲೆ ಅವ್ವನ ಬಾಯಿಂದ ಏನೇನೋ ಬರುತ್ತಿತ್ತು. ಹಗ್ಗದಂಥ ಜೊಲ್ಲು, ಬಿಳಿ ಪೊರೆ, ಒಮ್ಮೊಮ್ಮೆ ಹಲ್ಲಿನ ಚೂರು. ದಿನಕ್ಕೆ ಆರು ಸಲ ಉಪ್ಪು, ಅಡುಗೆ ಸೋಡಾ ಹಾಕಿದ ಬೆಚ್ಚಗಿನ ನೀರನ್ನು ಸೂಜಿಯಿಲ್ಲದ ಸಿರಿಂಜಿನಿಂದ ಒಳಗೆ ಬಿಟ್ಟು, ಹತ್ತಿಯಿಂದ ಒರೆಸಿ ತೆಗೆಯಬೇಕಿತ್ತು. ಅಷ್ಟು ದಿನದಿಂದ ಮಾಡುತ್ತಿದ್ದರೂ ನನಗೆ ಅಭ್ಯಾಸವಾಗಿರಲಿಲ್ಲ. ಉಸಿರು ಬಿಗಿಹಿಡಿದು ಮಾಡುತ್ತಿದ್ದೆ. ಆ ದಿನ ಹತ್ತಿಯನ್ನು ಬೆಳಕಿಗೆ ಹಿಡಿಯಲು ಹೋಗಿ ಉಸಿರು ಬಿಟ್ಟೆ, ಮತ್ತೆ ಎಳೆದುಕೊಂಡೆ. ಆಗ ವಾಸನೆ ತಿಳಿಯಿತು. ಕೊಳೆತದ್ದರ ವಾಸನೆಯಲ್ಲ, ಸುಟ್ಟದ್ದರದು. ಹುಟ್ಟಿದಾಗಿನಿಂದ ಗೊತ್ತಿರುವ ವಾಸನೆ. ಮಶೇರಿ.

ಗೊತ್ತಿಲ್ಲದವರಿಗೆ ಹೇಳುತ್ತೇನೆ. ತಂಬಾಕಿನ ಎಲೆಯನ್ನು ಹಳೆಯ ಹಂಚಿನ ಮೇಲೆ ಕರ್ರಗಾಗುವವರೆಗೆ ಹುರಿಯುತ್ತಾರೆ. ಹೊಗೆಗೆ ಒಂದೇ ಅಂಗಳದ ಸುತ್ತಲಿನ ಬಿಡಾರಗಳ ಇಡೀ ವಾಡೆ ಕೆಮ್ಮುತ್ತದೆ. ಆರಿದ ಮೇಲೆ ಅಂಗೈಯಲ್ಲಿ ತಿಕ್ಕಿ ಪುಡಿಮಾಡಿ ಡಬ್ಬಿಗೆ ತುಂಬುತ್ತಾರೆ. ಬೆಳಗ್ಗೆ ಎದ್ದು ತೋರುಬೆರಳಿಗೆ ಹಚ್ಚಿಕೊಂಡು ಹಲ್ಲು, ವಸಡು ಉಜ್ಜುತ್ತ ಅರ್ಧ ತಾಸು ಹೊಸ್ತಿಲ ಮೇಲೆ ಕೂರುತ್ತಾರೆ. ಬೆರಳು ಬಾಯಲ್ಲಿಟ್ಟುಕೊಂಡೇ ಹರಟುತ್ತಾರೆ, ಉಗುಳುತ್ತಾರೆ. ಸದಾಶಿವ ಪೇಠಿನ ನಮ್ಮ ವಾಡೆಯ ಮರಾಠಿ ಹೆಂಗಸರೂ ಹಚ್ಚುತ್ತಿದ್ದರು, ವಿಜಾಪುರದ ಕಡೆಯಿಂದ ಬಂದ ನಮ್ಮವರೂ ಹಚ್ಚುತ್ತಿದ್ದರು. ಇದನ್ನು ಯಾರೂ ತಂಬಾಕು ಅನ್ನುತ್ತಿರಲಿಲ್ಲ. ತಂಬಾಕು ಗಂಡಸರು ತಿನ್ನುವುದು. ಇದು ಹಲ್ಲು ತಿಕ್ಕುವುದು. ನಾನು ಎಂಟು ವರ್ಷದವಳಿದ್ದಾಗ ಓಣಿಯ ತುದಿಯ ಅಂಗಡಿಗೆ ಹೋಗಿ ಎಲೆ ತರುತ್ತಿದ್ದೆ. ಸೀಗೆಕಾಯಿ ತಂದಷ್ಟೇ ಸಹಜವಾಗಿ.

ಮೊದಲ ದಿನ ಆಸ್ಪತ್ರೆಯಲ್ಲಿ ಡಾಕ್ಟರು ಅವ್ವನ ಕೆನ್ನೆಯೊಳಗಿನ ಹುಣ್ಣು ನೋಡಿ ನನ್ನನ್ನು ಕೇಳಿದ್ದರು: "ತಂಬಾಕು ತಿನ್ನುತ್ತಾರೆಯೇ?"

"ಇಲ್ಲ" ಅಂದಿದ್ದೆ. "ನಮ್ಮ ಮನೆಯಲ್ಲಿ ಯಾರೂ ತಿನ್ನುವುದಿಲ್ಲ."

ಅವರು ಕಾಗದದ ಮೇಲೆ ಇಲ್ಲವೆಂದು ಬರೆದುಕೊಂಡರು. ನಾನು ರಸಾಯನಶಾಸ್ತ್ರದ ಪದವೀಧರೆ. ನಿಕೋಟಿನ್ನಿನ ರಚನೆಯನ್ನು ಪರೀಕ್ಷೆಯಲ್ಲಿ ಬರೆದು ಅಂಕ ಪಡೆದವಳು. ಅಂದು ಬೆಳಗ್ಗೆಯೂ ಅವ್ವ ನಲ್ಲಿಯ ಹತ್ತಿರ ಕೂತು ಮಶೇರಿ ಉಗುಳುವುದನ್ನು ದಾಟಿಯೇ ಬಂದಿದ್ದೆ. ಸುಳ್ಳು ಹೇಳಬೇಕೆಂದು ಹೇಳಲಿಲ್ಲ. ಅದಕ್ಕಿಂತ ಹೇಸಿಗೆಯ ಸಂಗತಿಯೆಂದರೆ, ನನಗೆ ಅದು ಹೊಳೆಯಲೇ ಇಲ್ಲ.

ಕ್ಯಾನ್ಸರಿನ ಇಂಜೆಕ್ಷನ್ನುಗಳಾದವು. ಕೂದಲು ಉದುರಿ ಅವ್ವನ ನೆತ್ತಿ ಕಂಡಿತು. ಆಮೇಲೆ ವಾರಗಟ್ಟಲೆ ವಿಕಿರಣ. ಕೆನ್ನೆ ಸುಟ್ಟ ಬದನೆಕಾಯಿಯ ಸಿಪ್ಪೆಯಂತಾಗಿ, ಬಾಯಿ ಒಂದು ಬೆರಳು ತೂರುವಷ್ಟು ಮಾತ್ರ ತೆರೆಯುತ್ತಿತ್ತು. ಉರಿಗೆ ಹೆದರಿ ಆ ದಿನಗಳಲ್ಲಿ ಅವ್ವ ತಾನಾಗಿಯೇ ಮಶೇರಿ ಬಿಟ್ಟಿದ್ದಳು. ಬೆಂದ ಬಾಯಿ ಮಾಯಲೆಂದು ಡಾಕ್ಟರು ಕೆಲವು ವಾರ ಬಿಡುವು ಕೊಟ್ಟು, ಆಮೇಲೆ ಅರ್ಧ ದವಡೆ ತೆಗೆಯುವ ಆಪರೇಷನ್ನಿಗೆ ದಿನ ಗೊತ್ತುಮಾಡಿದ್ದರು. "ಬಾಯಿ ಸ್ವಚ್ಛ ಇಡಿ, ಅದೊಂದೇ ನಿಮ್ಮ ಕೆಲಸ" ಎಂದು ಸಲ ಸಲಕ್ಕೂ ಹೇಳುತ್ತಿದ್ದರು.

ಈ ಬಿಡುವಿನಲ್ಲೇ ಊರಿಂದ ಆಯಿ ಬಂದಳು. ಆಯಿ ಅಂದರೆ ಅವ್ವನ ತಾಯಿ, ನನ್ನ ಅಜ್ಜಿ. ನಾನು ಬೆಳಗ್ಗೆ ಆರಕ್ಕೇ ಪಕ್ಕದ ಓಣಿಯ ಕ್ಲಾಸಿನಲ್ಲಿ ಪಾಠ ಹೇಳಲು ಹೋಗುತ್ತಿದ್ದರಿಂದ ಬೆಳಗಿನ ಬಾಯಿ ತೊಳೆಯುವ ಕೆಲಸ ಆಯಿಯ ಪಾಲಿಗೆ ಬಂದಿತ್ತು. ಆ ಮಂಗಳವಾರ ನಾನು ರಜೆ ಹಾಕಿದ್ದೆ. ಆಯಿ ಅದಾಗಲೇ ತನ್ನ ಕೆಲಸ ಮುಗಿಸಿ ಒಲೆಯ ಮುಂದೆ ಕೂತಿದ್ದಳು. ನಾನು ಹತ್ತಿಯನ್ನು ಅವಳ ಮುಖದ ಮುಂದೆ ಹಿಡಿದೆ.

"ಆಯಿ, ಅವ್ವಗ ಮಶೇರಿ ಹಚ್ಚೀಯೇನ?"

"ಹಚ್ಚದ ಏನ ಮಾಡ್ಲಿ?" ಅವಳು ತಿರುಗಿಯೂ ನೋಡಲಿಲ್ಲ. "ಬಾಯಿ ಸ್ವಚ್ಛ ಇಡ್ರಿ ಅಂತ ಡಾಕ್ಟರ ಹೇಳ್ಯಾನಿಲ್ಲ? ನಿನ್ನ ಸೋಡಾದ ನೀರಿಲೆ ಆ ನಾತ ಹೋಗತದೇನ?"

"ಎಷ್ಟು ದಿವಸಾತು?"

"ನಾ ಬಂದಾಗಿಂದ. ದಿನಾ. ಹೊಸಾದು ಹುರದು, ವಸ್ತ್ರದಾಗ ಸೋಸಿ, ನನ್ನ ಕೈಯಾರ ಹಚ್ಚತೀನಿ. ಆಕಿಗೆ ಎಷ್ಟ ಆರಾಮ ಅನಸತದ ಕೇಳು."

ಅವ್ವ ಹಾಸಿಗೆಯಿಂದ ನಮ್ಮಿಬ್ಬರನ್ನೂ ನೋಡುತ್ತಿದ್ದಳು. ಆಯಿ ಬಂದು ಇಪ್ಪತ್ತೊಂದು ದಿನ. ಮಾಯಲೆಂದು ಬಿಟ್ಟಿದ್ದ ಬೆಂದ ವಸಡಿನ ಮೇಲೆ ಇಪ್ಪತ್ತೊಂದು ದಿನ ಸುಟ್ಟ ತಂಬಾಕಿನ ಪುಡಿ ತಿಕ್ಕಿದ್ದಳು. ಹಿಂದಿನ ಹಲ್ಲು ಕಿತ್ತ ಕುಳಿ ಯಾಕೆ ಮುಚ್ಚಿಕೊಳ್ಳುತ್ತಿಲ್ಲವೆಂದು ನಾನು ದಿನಾ ಟಾರ್ಚು ಹಿಡಿದು ಚಿಂತಿಸುತ್ತಿದ್ದೆ. ಟಾರ್ಚಿಗೆ ಕಂಡ ಕಪ್ಪನ್ನು ವಿಕಿರಣದ ಸುಟ್ಟಗಾಯವೆಂದು ನಂಬಿದ್ದೆ. ಬಚ್ಚಲಿಗೆ ಓಡಿಹೋಗಿ ಕಾರಿಕೊಂಡೆ.

ಅಪ್ಪ ಮಾರ್ಕೆಟ್ ಯಾರ್ಡಿನ ಬೆಲ್ಲದ ಅಡತಿ ಅಂಗಡಿಯಲ್ಲಿ ಗುಮಾಸ್ತ. ಎಲ್ಲ ಕೇಳಿ ಅಂಗಿಯ ಗುಂಡಿ ಹಾಕಿಕೊಂಡ.

"ಡಾಕ್ಟರಗ ಹೇಳಬ್ಯಾಡ. ಛಲೋತಂಗ ತೊಳದು ಕರಕೊಂಡು ಹೋಗೂಣು. ಭಾಳ ಒದ್ದಾಡಿ ತಾರೀಖು ಸಿಕ್ಕದ. ರಕ್ತಾ ಕೊಡಾಕ ಹಮಾಲರು ನಾಳಿ ಬರತಾರ. ಒಂದ ಸಲ ಕೊಯ್ದು ತಗದರ ಎಲ್ಲಾ ಹೋಗತದ, ಮಶೇರಿನೂ ಹೋಗತದ."

ಹೀಗೆ ಹೇಳಿದ ಅಪ್ಪ ಕೆಟ್ಟವನಲ್ಲ. ಅದನ್ನೇ ನನಗೆ ತಡೆದುಕೊಳ್ಳಲಾಗಲಿಲ್ಲ. ಆ ಮನೆಯಲ್ಲಿ ಕೆಟ್ಟವರು ಯಾರೂ ಇರಲಿಲ್ಲ.

ನಾನು ಉಳಿದ ಸೋಡಾನೀರನ್ನೆಲ್ಲ ಬಳಸಿ ಅವ್ವನ ಬಾಯಿ ತೊಳೆದೆ. ತೊಳೆಯುವಾಗ ನನ್ನ ಮನಸ್ಸಿನಲ್ಲೂ ಅಪ್ಪನ ಮಾತೇ ಇತ್ತು, ಅದನ್ನು ಬಚ್ಚಿಡುವುದಿಲ್ಲ. ಹತ್ತಿ ಬೆಳ್ಳಗೆ ಬಂದಾಗ, ಸಾಕ್ಷ್ಯ ಅಳಿಸಿದವಳ ಸಮಾಧಾನ ಆಯಿತು.

ಆಸ್ಪತ್ರೆಯಲ್ಲಿ ಡಾಕ್ಟರು ಕೈಗವಸಿನ ಬೆರಳನ್ನು ಅವ್ವನ ಬಾಯಿಯೊಳಗೆ ಆಡಿಸಿ, ಹೊರತೆಗೆದು ನೋಡಿದರು. ಆಮೇಲೆ ಯಾರೂ ನಿರೀಕ್ಷಿಸದ ಕೆಲಸ ಮಾಡಿದರು. ಬೆರಳನ್ನು ಮೂಗಿನ ಹತ್ತಿರ ತಂದು ಮೂಸಿದರು.

"ಏನು ಹಚ್ಚುತ್ತಿದ್ದೀರಿ?" ಮರಾಠಿಯಲ್ಲಿ ಕೇಳಿದರು.

ಅಪ್ಪ ನೆಲ ನೋಡಿದ. ಅವ್ವ ಕಣ್ಣು ಮುಚ್ಚಿದಳು. ನಾನು ಬಾಯಿ ತೆರೆಯುವಷ್ಟರಲ್ಲಿ ನಮ್ಮ ಜೊತೆ ಬಂದಿದ್ದ ಆಯಿ ಮುಂದೆ ಬಂದು, ತನಗೆ ಬರುವ ನಾಲ್ಕು ಮಾತಿನ ಮರಾಠಿಯಲ್ಲಿ, ಹೆಮ್ಮೆಯಿಂದ ಹೇಳಿದಳು, "ಮಶೇರಿ. ಘರಚಿ." ಮನೆಯಲ್ಲೇ ಮಾಡಿದ್ದು.

"ಆವತ್ತು ತಂಬಾಕು ಇಲ್ಲ ಅಂದವಳು ನೀನೇ ಅಲ್ಲವಾ?" ಡಾಕ್ಟರು ನನ್ನ ಕಡೆ ತಿರುಗಿದರು. "ಓದಿದವಳು."

"ನಾನೇ" ಅಂದೆ. ಆಮೇಲೆ ಎಲ್ಲ ಹೇಳಿದೆ. ಮೊದಲಿಂದ ಹಚ್ಚುತ್ತಿದ್ದದ್ದು, ಬಿಟ್ಟದ್ದು, ಮತ್ತೆ ಇಪ್ಪತ್ತೊಂದು ದಿನ ಹಚ್ಚಿದ್ದು, ಅಂದು ಬೆಳಗ್ಗೆ ನಾನು ತೊಳೆದು ತಂದದ್ದು ಕೂಡ.

ಅವರು ಕೂಗಾಡಿದ್ದರೆ ಚೆನ್ನಾಗಿತ್ತು. ಕೈಗವಸು ಕಳಚಿ ಬುಟ್ಟಿಗೆ ಹಾಕಿ ಕೂತರು. "ನಮ್ಮ ಆಜಿಯೂ ಹಚ್ಚುತ್ತಿದ್ದಳು. ತಿನ್ನುತ್ತೀರಾ ಅಂತ ಕೇಳಿದೆನೇ ಹೊರತು, ಹಚ್ಚುತ್ತೀರಾ ಅಂತ ಕೇಳಲಿಲ್ಲ ನಾನು." ಇಷ್ಟು ಹೇಳಿ ಗುರುವಾರದ ಪಟ್ಟಿಯಿಂದ ಅವ್ವನ ಹೆಸರು ಹೊಡೆದುಹಾಕಿದರು.

ಆಮೇಲೆ ಅಪ್ಪನಿಗೆ ಬಿಡಿಸಿ ಹೇಳಿದರು. ವಿಕಿರಣ ಬಿದ್ದ ಮಾಂಸಕ್ಕೆ ಮೊದಲೇ ಕಸುವಿಲ್ಲ. ಹೀಗೆ ಹಸಿಯಿರುವಾಗ ಕೊಯ್ದರೆ ಹೊಲಿಗೆ ನಿಲ್ಲುವುದಿಲ್ಲ. ಹೊಲಿಗೆ ಬಿಚ್ಚಿದರೆ ಕುತ್ತಿಗೆಯ ದೊಡ್ಡ ರಕ್ತನಾಳ ಬಯಲಿಗೆ ಬೀಳುತ್ತದೆ. "ಅದು ಒಡೆದರೆ ನಾನು ಮೆಟ್ಟಿಲು ಹತ್ತಿ ಬರುವಷ್ಟರಲ್ಲಿ ಮುಗಿದಿರುತ್ತದೆ. ಎರಡು ವಾರ ಕೊಡುತ್ತೇನೆ. ಆ ಕುಳಿ ಮುಚ್ಚಬೇಕು. ಅದಕ್ಕಿಂತ ಹೆಚ್ಚು ಕಾಯಲಾರೆ, ಗಡ್ಡೆ ಕಾಯುವುದಿಲ್ಲ."

ಆ ಎರಡು ವಾರ ನಾನು ಅವ್ವನ ಕಾವಲುಗಾರ್ತಿಯಾದೆ. ಆಯಿಯ ಡಬ್ಬಿಯನ್ನು ಕಸಿದು ಬಚ್ಚಲಿಗೆ ಸುರಿದೆ.

"ನಿಮ್ಮ ಡಾಕ್ಟರನ ಬಾಯಾಗ ಎಷ್ಟ ಹಲ್ಲ ಅದಾವ ಕೇಳೀಯೇನ?" ಆಯಿ ಚೀರಿದಳು. "ನನಗ ಎಲ್ಲಾ ಅದಾವ ನೋಡು. ಹಲ್ಲ ತಿಕ್ಕಿದ್ರ ಯಾರಿಗರೆ ಕ್ಯಾನ್ಸರ ಬರತದೇನ? ಕಾಲೇಜಿಗೆ ಹೋಗಿ ಇದನ್ನ ಕಲತಿ?"

ಅವಳು ಬೇರೆ ಡಬ್ಬಿ ತಂದುಕೊಂಡಳು. ತನಗಾಗಿ ಮಾತ್ರವೆಂದು ಆಣೆ ಮಾಡಿ, ವಾಡೆಯ ಬಾಗಿಲಾಚೆ ಕೂತು ಹಚ್ಚಿಕೊಳ್ಳತೊಡಗಿದಳು. ಆದರೆ ಮಧ್ಯಾಹ್ನ ಊಟ ಮುಗಿದ ಮೇಲೆ ವಾಡೆಯ ಯಾವುದಾದರೂ ಒಂದು ಮನೆಯಲ್ಲಿ ಹಂಚು ಒಲೆಯ ಮೇಲೇರುತ್ತಿತ್ತು. ಹೊಗೆ ಬಂದೊಡನೆ ಅವ್ವನ ಮೂಗಿನ ಹೊಳ್ಳೆಗಳು ಅರಳುತ್ತಿದ್ದವು. ಕೈಬೆರಳು ಹೊದಿಕೆಯ ಅಂಚನ್ನು ಉಜ್ಜುತ್ತಿತ್ತು. ಅವಳಿಗೆ ನಿದ್ದೆಯಿಲ್ಲ, ತಲೆ ಸಿಡಿತ, ಕೈ ನಡುಕ. ಜೋಳದ ಅಂಬಲಿಯನ್ನೂ ಬೇಡವೆಂದು ತಳ್ಳುತ್ತಿದ್ದಳು. ನಾನು ಎರಡು ತಾಸಿಗೊಮ್ಮೆ ಅವಳ ಬಲಗೈ ಎತ್ತಿ ತೋರುಬೆರಳು ಮೂಸಿ ನೋಡುತ್ತಿದ್ದೆ. ಕಳ್ಳರನ್ನು ಪರೀಕ್ಷಿಸುವಂತೆ. ಹೆತ್ತ ತಾಯಿಯ ಬೆರಳನ್ನು.

ನನಗೆ ಎಲ್ಲದರ ಮೇಲೂ ಅಸಹ್ಯ ಹುಟ್ಟಿತ್ತು. ಜೊಲ್ಲಿನ ಬಟ್ಟೆಗಳನ್ನು ನಲ್ಲಿಗೆ ಒಯ್ದರೆ ಹೆಂಗಸರು ತಮ್ಮ ಕೊಡಗಳನ್ನು ಪಕ್ಕಕ್ಕೆ ಸರಿಸುತ್ತಿದ್ದರು. ಸರಿಸಿದ ಅದೇ ಕೈಯ ಬೆರಳನ್ನು ಬಾಯಿಗಿಟ್ಟುಕೊಂಡು "ಈಗ ಹೇಗಿದ್ದಾಳೆ?" ಎಂದು ಕೇಳುತ್ತಿದ್ದರು. ಅವರ ಕಪ್ಪು ಉಗುಳು ನನ್ನ ಬಟ್ಟೆಯ ನೀರಿನೊಂದಿಗೆ ಒಂದೇ ಗಟಾರಕ್ಕೆ ಹರಿಯುತ್ತಿತ್ತು. ಅನ್ನ ಕಲಸಿದರೆ ನನ್ನ ಬೆರಳಿಗೇ ಆ ವಾಸನೆ ಇದೆ ಅನ್ನಿಸಿ ಚಮಚೆಯಲ್ಲಿ ತಿನ್ನತೊಡಗಿದೆ. ಆಯಿ ಅದನ್ನೂ ಬಿಡಲಿಲ್ಲ. "ಮೇಮಸಾಹೇಬರು ಬಂದ್ರು, ಚಮಚಾ ಕೊಡ್ರಿ."

ಒಂದು ದಿನ ನಾನು ಬೆರಳು ಮೂಸಲು ಕೈ ಎತ್ತಿದಾಗ ಅವ್ವ ಕೈ ಕಿತ್ತುಕೊಂಡಳು. ತೆರೆಯದ ಬಾಯಿಯೊಳಗಿಂದ ತೊದಲುತ್ತ ಅಂದಳು:

"ನನ್ನ ಕಂಡ್ರ ನಿನಗ ಹೇಸಿಗಿ ಬರತದ. ಮಾರಿ ಮ್ಯಾಲ ಕಾಣತದ."

ಇಲ್ಲ ಅನ್ನಬೇಕಿತ್ತು. "ಕೈ ಕೊಡವ್ವಾ" ಅಂದೆ, ಅಷ್ಟೇ.

ಒಂಬತ್ತನೆಯ ದಿನದ ಹೊತ್ತಿಗೆ ಕುಳಿಯ ಅಂಚಿನಲ್ಲಿ ಗುಲಾಬಿ ಬಣ್ಣ ಕಂಡಿತು. ಡಾಕ್ಟರು ನೋಡಿ ತಲೆಯಾಡಿಸಿದರು. ಅದೇ ಧೈರ್ಯದ ಮೇಲೆ ಮರುದಿನ ಮಧ್ಯಾಹ್ನ ಒಂದು ತಾಸಿನ ಪಾಠಕ್ಕೆ ಹೋದೆ. ಕಪ್ಪುಹಲಗೆಯ ಮೇಲೆ ಸಮೀಕರಣ ಬರೆಯುತ್ತಿದ್ದಾಗ ಪಕ್ಕದ ಮನೆಯ, ನಾವು ಕಾಕು ಎಂದು ಕರೆಯುವ ಹೆಂಗಸು ಬಾಗಿಲಲ್ಲಿ ನಿಂತಿದ್ದಳು. ಸೀರೆಯ ಮುಂಭಾಗವೆಲ್ಲ ಕೆಂಪು.

"ಪಾಪ, ಬಿಚಾರಿ ಎಷ್ಟೊಂದು ಬೇಡಿಕೊಂಡಳು" ಎಂದು ಅಳುತ್ತ ಅಷ್ಟನ್ನೇ ಮತ್ತೆ ಮತ್ತೆ ಹೇಳಿದಳು.

ಅಂದು ಕಾಕು ಮಶೇರಿ ಹುರಿದಿದ್ದಳು. ಆಯಿಗೆ ಜೋಂಪು ಹತ್ತಿದ ಸಮಯ ನೋಡಿ ಅವ್ವ ಗೋಡೆ ಹಿಡಿದು ಅವಳ ಮನೆಗೆ ಹೋಗಿ ಕೈಯೊಡ್ಡಿದ್ದಳು. ಹಸಿದವಳು ಅನ್ನದ ಮೇಲೆ ಬೀಳುವಂತೆ ಬೆರಳು ಒಳಗಿಟ್ಟು ಉಜ್ಜಿದಾಗ ಉಗುರು ಆ ಎಳೆಯ ಗುಲಾಬಿ ಮಾಂಸವನ್ನು ಹರಿದಿತ್ತು.

ನಾನು ಓಡಿ ಬಂದಾಗ ಅವ್ವ ನಲ್ಲಿಯ ಕಟ್ಟೆಗೆ ಒರಗಿ ಕೂತಿದ್ದಳು. ತುಟಿಯ ಸಂದಿಯಿಂದ ರಕ್ತ ಎಳೆಯಾಗಿ ಇಳಿಯುತ್ತಿತ್ತು. ಒಂದು ಕೈಯ ಮುಷ್ಟಿಯಲ್ಲಿ ಕಾಕುವಿನ ಡಬ್ಬಿ ಇನ್ನೂ ಇತ್ತು. ಹೆಬ್ಬೆರಳಿಗೆ ಒಗೆದ ವಸ್ತ್ರ ಸುತ್ತಿ ಅವಳ ಬಾಯಿಯೊಳಗೆ ತುರುಕಿ, ಕುಳಿ ಸಿಕ್ಕಿದ ಕಡೆ ಒತ್ತಿ ಹಿಡಿದೆ. ಆಯಿ ಎದ್ದು ಬಂದು ಬಾಯಿ ಬಡಿದುಕೊಳ್ಳುತ್ತಿದ್ದಳು. ಯಾರೋ ರಿಕ್ಷಾ ತಂದರು. ಮೊದಲನೆಯವನು ರಕ್ತ ಕಂಡು ಹೊರಟುಹೋದ, ಎರಡನೆಯವನು ನಿಂತ.

ಆ ರಿಕ್ಷಾದ ದಾರಿಯನ್ನು ನಾನು ಇಂದಿಗೂ ದಾಟಿಲ್ಲ. ಪ್ರತಿ ಗುಂಡಿಗೆ ಹೆಬ್ಬೆರಳು ಜಾರುತ್ತಿತ್ತು, ಜಾರಿದಾಗಲೆಲ್ಲ ಬಿಸಿಯಾದದ್ದು ಅಂಗೈಗೆ ಬರುತ್ತಿತ್ತು. ಅವ್ವನ ಉಳಿದ ಹಲ್ಲುಗಳು ನನ್ನ ಬೆರಳ ಗೆಣ್ಣನ್ನು ಕಚ್ಚಿದ್ದವು. ಕಪ್ಪು ಪುಡಿ, ಜೊಲ್ಲು, ರಕ್ತ ಮೂರೂ ಬೆರೆತು ಮೊಳಕೈವರೆಗೆ ಇಳಿಯಿತು. ಅವ್ವನ ಕಣ್ಣು ನನ್ನ ಮುಖದ ಮೇಲಿತ್ತು. ನಾನು ಆಗ ದೇವರನ್ನು ನೆನೆಯಲಿಲ್ಲ. ಅವ್ವ ಬದುಕಲಿ ಎಂದೂ ಅಂದುಕೊಳ್ಳಲಿಲ್ಲ. ಇದು ನನ್ನ ಉಗುರಿನ ಸಂದಿಯಿಂದ ಎಂದಾದರೂ ಹೋದೀತೇ ಎಂದು ಯೋಚಿಸಿದೆ. ಮನಸ್ಸಿನಲ್ಲಿ ಮತ್ತೆ ಮತ್ತೆ ಆ ರಿಕ್ಷಾದಲ್ಲಿ ಕೂರುವಾಗ ಬೇರೆ ಏನಾದರೂ ಯೋಚಿಸಿದ್ದೆನೇ ಎಂದು ಹುಡುಕುತ್ತೇನೆ. ಸಿಗುವುದಿಲ್ಲ. ಆದರೆ ಹೆಬ್ಬೆರಳು ತೆಗೆಯಲಿಲ್ಲ, ಅದೂ ನಿಜ.

ಡಾಕ್ಟರೇ ಬಂದು ನನ್ನ ಬೆರಳನ್ನು ಬಿಡಿಸಿದರು. ಹರಿದದ್ದು ಚಿಕ್ಕ ನಾಳವಂತೆ, ಎರಡು ಹೊಲಿಗೆಗೆ ನಿಂತಿತು. ಅವ್ವನನ್ನು ಅಂದೇ ವಾರ್ಡಿಗೆ ಸೇರಿಸಿಕೊಂಡರು. ಸಂಜೆ ಆಯಿ ಬಂದಾಗ ಡಾಕ್ಟರು ಅವಳನ್ನು ಹತ್ತಿರ ಕರೆದು, ಕೈಗೆ ಟಾರ್ಚು ಕೊಟ್ಟು, "ಆಜಿ, ನೋಡಿ" ಅಂದರು. ಆಯಿಗೆ ಕಣ್ಣು ಮಂಜು. ಅಷ್ಟು ದಿನವೂ ಅವಳು ನೋಡಿ ಹಚ್ಚಿರಲಿಲ್ಲ, ಬೆರಳಿನ ಅಂದಾಜಿನಲ್ಲಿ ಹಚ್ಚಿದ್ದಳು. ಬಾಗಿ, ಮಗಳ ತುಟಿಗೆ ಮೂಗು ತಾಗುವಷ್ಟು ಬಾಗಿ ನೋಡಿದಳು. ತುಂಬ ಹೊತ್ತು ನೋಡಿದಳು.

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತಳು. ರೂಢಿಯಂತೆ ಸೊಂಟದಿಂದ ಡಬ್ಬಿ ತೆಗೆದು ಬೆರಳು ಅದ್ದಿದಳು. ಬೆರಳು ತುಟಿಯವರೆಗೆ ಹೋಯಿತು, ನಿಂತಿತು. ಸೆರಗಿಗೆ ಒರೆಸಿಕೊಂಡಳು.

"ಒಳಗ ಏನೂ ಇಲ್ಲಲ್ಲವ್ವಾ" ಅಂದಳು. "ಬರೇ ತೂತು ಅದ. ಅದರಾಗ ಬೆರಳ ಹಾಕತಿದ್ನೇನ ನಾನು?"

ನನಗೆ ಅವಳ ಹೆಗಲ ಮೇಲೆ ಕೈಯಿಡಲಾಗಲಿಲ್ಲ. ಮರುದಿನ ಬೆಳಗ್ಗೆ ಅವಳು ಅದೇ ಮೆಟ್ಟಿಲ ಮೇಲೆ ಕೂತು ಮಶೇರಿ ಉಜ್ಜುತ್ತಿದ್ದಳು. ಸಾಯುವವರೆಗೂ ಬಿಡಲಿಲ್ಲ. ಆದರೆ ಮತ್ತೆಂದೂ ಆ ಕೈಯಿಂದ ಅವ್ವನ ಮುಖ ಮುಟ್ಟಲಿಲ್ಲ, ಎಡಗೈಯಿಂದಲೇ ಮುಟ್ಟುತ್ತಿದ್ದಳು.

ವಾರ್ಡಿನಲ್ಲಿ ಅವ್ವನ ಬಾಯನ್ನು ನರ್ಸುಗಳು ತೊಳೆದರು. ಹಾಲನ್ನು ಮೂಗಿನ ನಳಿಕೆಯಿಂದ ಕೊಟ್ಟರು. ಎದೆಯ ಮಾಂಸ ತೆಗೆದು ಕೆನ್ನೆಗೆ ಹೊಲಿಯುತ್ತಾರೆಂದು ಎದೆ ಬೋಳಿಸಿ ಕೆಂಪು ಔಷಧಿ ಹಚ್ಚಿದರು. ಅಪ್ಪ ಒಪ್ಪಿಗೆಯ ಕಾಗದಕ್ಕೆ ಸಹಿ ಹಾಕಿದ, ಸಾಕ್ಷಿಯ ಜಾಗದಲ್ಲಿ ನನ್ನ ಸಹಿ. ಎರಡು ವಾರ ಕೊಟ್ಟಿದ್ದ ಡಾಕ್ಟರು ಇನ್ನೂ ಮೂರು ದಿನ ಹೆಚ್ಚಿಗೆ ಕಾದು, ಕೊನೆಗೆ ಕೊಯ್ದರು. ಬೆಳಗ್ಗೆ ಒಳಗೆ ಹೋದವಳು ಇಳಿಹೊತ್ತಿಗೆ ಹೊರಬಂದಳು. ಮುಖದ ಅರ್ಧ ಮಾತ್ರ ಅವ್ವ.

ಹೊಲಿಗೆಗಳು ನಿಂತವು. ಆದರೆ ಡಾಕ್ಟರು ಹೇಳಿದ್ದ ಆ ದೊಡ್ಡ ರಕ್ತನಾಳ ನನ್ನ ತಲೆಯೊಳಗೆ ದಿನಾ ಒಡೆಯುತ್ತಿತ್ತು. ಮನೆಗೆ ಬಂದ ಮೇಲೂ ಅವ್ವನ ದಿಂಬಿನ ಮೇಲೆ ಕೈಯಾಡಿಸಿ ಒದ್ದೆ ಇದೆಯೇ ನೋಡಲು ತಾಸಿಗೊಮ್ಮೆ ಏಳುತ್ತಿದ್ದೆ. ನಾನು ಎದ್ದರೆ ಅವ್ವನೂ ಏಳುತ್ತಿದ್ದಳು. ಅಪ್ಪ ಮಗ್ಗಲು ಬದಲಿಸುತ್ತಿದ್ದ. ಆ ಎರಡು ಕೋಣೆಗಳಲ್ಲಿ ಯಾರಿಗೂ ಸರಿಯಾದ ನಿದ್ದೆಯಿರಲಿಲ್ಲ. ಬೆರಳು ಮೂಸುವುದನ್ನೂ ನಾನು ಬಿಟ್ಟಿರಲಿಲ್ಲ. ಅರ್ಧ ದವಡೆ ಕಳೆದುಕೊಂಡವಳ ಬೆರಳನ್ನೂ ಬೆಳಗ್ಗೆ ಎದ್ದು ಮೂಸುತ್ತಿದ್ದೆ.

ಮನೆಗೆ ಬಂದು ಮೂರು ವಾರವಾದ ಮೇಲಿನ ಒಂದು ಭಾನುವಾರ ನನಗೆ ಎಚ್ಚರವಾದಾಗ ಕಿಟಕಿಯ ಬಿಸಿಲು ನನ್ನ ಕಾಲ ಮೇಲಿತ್ತು. ವಾಡೆಯ ನಲ್ಲಿ ನಿಂತುಹೋಗಿತ್ತು, ಅಂದರೆ ಏಳು ದಾಟಿದೆ. ಇಡೀ ರಾತ್ರಿಯಲ್ಲಿ ಒಮ್ಮೆಯೂ ಎದ್ದಿರಲಿಲ್ಲ. ಅವ್ವನ ದಿಂಬಿಗೆ ಕೈ ಚಾಚಿದೆ. ಒಣಗಿತ್ತು.

ಅವ್ವ ಆಗಲೇ ಎಚ್ಚರವಾಗಿ ನನ್ನನ್ನೇ ನೋಡುತ್ತಿದ್ದಳು. ಅಂಗೈಯನ್ನು ಕೆನ್ನೆಗಿಟ್ಟು ತಲೆ ವಾಲಿಸಿದಳು: ನೀನು ಮಲಗಿದ್ದೆ. ಆಮೇಲೆ ತನ್ನ ಎದೆ ಮುಟ್ಟಿಕೊಂಡು ಅದನ್ನೇ ಮಾಡಿದಳು: ನಾನೂ. ಪಕ್ಕದಲ್ಲಿ ಅಪ್ಪನ ಗೊರಕೆ ಇನ್ನೂ ನಡೆದಿತ್ತು. ಹೊರಗೆ ಆಯಿ ಬಾಯಿ ತುಂಬ ಉಗುಳಿಟ್ಟುಕೊಂಡು ಕಾಕುವಿನ ಜೊತೆ ಏನೋ ಜಗಳವಾಡುತ್ತಿದ್ದಳು. ಆ ವಾಸನೆ ಬಾಗಿಲ ಸಂದಿಯಿಂದ ಬರುತ್ತಿತ್ತು.

ಅವ್ವ ಬಲಗೈಯ ತೋರುಬೆರಳನ್ನು ಎತ್ತಿ ನನ್ನ ಮೂಗಿನ ಮುಂದೆ ಹಿಡಿದಳು. ತಗೋ, ನೋಡಿಕೋ. ಹೊಲಿಗೆಯಿಲ್ಲದ ಕಡೆಯ ಕಣ್ಣಿನಲ್ಲಿ ಹಂಗಿಸುವ ನಗು ಇತ್ತು.

ನಾನು ಮೂಸಲಿಲ್ಲ. ಆ ಕೈಯನ್ನು ಹೊದಿಕೆಯೊಳಗೆ ಸೇರಿಸಿ, ಮಗ್ಗಲು ಬದಲಿಸಿ, ಮತ್ತೆ ಮಲಗಿದೆ.